ಸಮುದ್ರ ನೋಡಿಕೊಂಡ ಒಂಬತ್ತು ದಿನ

ಝೆಮೊವಿತ್ ಸಮುದ್ರಕ್ಕೆ ಹೋದ,
ತನ್ನ ಸಮುದ್ರವನ್ನು ನನ್ನ ವಶಕ್ಕೆ ಬಿಟ್ಟು.

ಬೀಗದ ಕೈ, ಎರಡು ಹಾಳೆ ತುಂಬ ಸೂಚನೆ:
ಹಸಿರು ದೀಪವಿದ್ದರೆ ನೆಮ್ಮದಿ.
ಕಿತ್ತಳೆಯಾದರೆ ಕಾಯಿರಿ, ಚಹಾ ಕುಡಿಯಿರಿ.
ಕೆಂಪಾದರೆ ಫೋನ್ ಮಾಡಿ, ಅರ್ಧರಾತ್ರಿಯಾದರೂ ಸರಿ.
ಕಸ ಹೀರುವ ಯಂತ್ರಕ್ಕೆ ಬೇಕೆಂದು ಈ ಪ್ಲಗ್ ಮಾತ್ರ
ದಯವಿಟ್ಟು, ದಯವಿಟ್ಟು ಕೀಳಬೇಡಿ.
ಕೊನೆಯಲ್ಲಿ, ಜಾಗ ಉಳಿದಿದ್ದಕ್ಕೆ, ಒಂದೇ ಸಾಲು:
ಕಳ್ಳಿಗಿಡಕ್ಕೆ ನೀರು, ನೆನಪಾದರೆ.

ಬೂಟಿನ ಕಪಾಟಿನಲ್ಲಿ ಕೂತಿತ್ತು ಅದು,
ಎರಡು ಜೊತೆ ಹಿಮದ ಬೂಟುಗಳ ನಡುವೆ,
ಗಂಟಲು ಕಟ್ಟಿದ ಬೆಕ್ಕಿನಂತೆ ಗುರುಗುಟ್ಟುತ್ತ.
ಒಳಗೆ ಹಡಗುಗಳಿವೆಯಂತೆ, ಬಂದರುಗಳಿವೆಯಂತೆ,
ಗಾಳಿಯ ದಿಕ್ಕೂ ಗಂಟೆಗೊಮ್ಮೆ ಬದಲಾಗುತ್ತದಂತೆ.
ಇಪ್ಪತ್ತು ವರ್ಷ ಹಳೆಯ ಆಟ; ಮಾಡಿದ ಕಂಪನಿ
ಬಾಗಿಲು ಹಾಕಿ ಹೆಸರಿನ ಹಲಗೆಯನ್ನೂ ಇಳಿಸಿಯಾಗಿದೆ.
ಉಳಿದ ನಾವಿಕರು ಹದಿನಾಲ್ಕು ಮಂದಿ,
ಅವರ ನೀರೆಲ್ಲ ಇರುವುದು ಈ ಡಬ್ಬಿಯಲ್ಲಿ.

"ಬೇರೆ ಯಾರೂ ಸಿಗಲಿಲ್ಲವೇ?" ಎಂದೆ.
"ನೀವು ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವರು,
ಬೊಗುಮಿವಾ ಅವರೇ," ಎಂದ, ಅಷ್ಟು ಸಾಕೆಂಬಂತೆ.

ಮೂರನೇ ದಿನ ವೂಚ್ ನಗರ ಕಾದ ಬಾಣಲೆ.
ಕಪಾಟು ಮುಟ್ಟಿದರೆ ಕೈ ಚುರುಕ್ಕೆಂದಿತು.
ಹಾಳೆಯಲ್ಲಿ ಸೆಕೆಯ ಬಗ್ಗೆ ಒಂದಕ್ಷರವಿಲ್ಲ,
ಜುಲೈ ತಿಂಗಳನ್ನೇ ಮರೆತ ಬುದ್ಧಿವಂತ!
ಬೂಟು ಹೊರಹಾಕಿದೆ, ಕಪಾಟಿನ ಬಾಗಿಲು ಕಳಚಿದೆ,
ನನ್ನ ಮೇಜಿನ ಫ್ಯಾನನ್ನು ಮೂರು ಮಹಡಿ ಇಳಿಸಿ ತಂದು
ಅದರ ಮುಖಕ್ಕೆ ಇಟ್ಟೆ,
ಜ್ವರದ ಮಗುವಿಗೆ ಗಾಳಿ ಬೀಸಿದ ಹಾಗೆ.
ಆ ರಾತ್ರಿ ಬೆವೆತವಳು ನಾನು. ಅದು ಹಸಿರಾಗಿಯೇ ಇತ್ತು.

ಅವನಿಂದ ಚಿತ್ರ ಬಂತು: ವೆಬಾದ ದಂಡೆ, ಸುಟ್ಟ ಮೂಗು,
ಹೆಂಡತಿಯ ಹ್ಯಾಟು, ಹಿಂದೆ ಒಂದಿಷ್ಟು ನೀರು.
ಕೆಳಗೆ, "ದೀಪ ಯಾವ ಬಣ್ಣ?"
"ನಿನ್ನ ಮೂಗಿನ ಬಣ್ಣವಲ್ಲ. ಹೋಗಿ ಈಜು."

ಆರನೇ ರಾತ್ರಿ ಪರದೆಯ ಮೂಲೆಯ ಅಂಕಿ
ಏಳು, ಐದು, ಎರಡು ಎಂದು ಇಳಿದು ಸೊನ್ನೆಯಾಯಿತು.
ಯಾರೂ ಇಲ್ಲ. ಆದರೂ ಅಲೆ ಏಳುತ್ತಿತ್ತು,
ದೀಪಸ್ತಂಭ ತಿರುಗುತ್ತಿತ್ತು.
ಯಾರಿಗಾಗಿ ಇಷ್ಟು ಕರೆಂಟು, ಇಷ್ಟು ಶಾಖ?
ಈಗ ಆರಿಸಿ ಬೆಳಗ್ಗೆ ಹಚ್ಚಿದರೆ ತಿಳಿಯುವುದಾದರೂ ಯಾರಿಗೆ?
ಬೆರಳು ಗುಂಡಿಯವರೆಗೂ ಹೋಗಿತ್ತು, ಸುಳ್ಳೇಕೆ ಹೇಳಲಿ.

ಆಗ ನೆನಪಾಯಿತು ರಾತ್ರಿಯ ಕೊನೆಯ ಗಾಡಿ.
ಫೆಬ್ರವರಿ. ಕಿಟಕಿಗೆಲ್ಲ ಮಂಜಿನ ಪೊರೆ.
ಒಳಗೆ ಒಂದು ನರಪಿಳ್ಳೆಯಿಲ್ಲ,
ಆದರೂ ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿದೆ, ಬಾಗಿಲು ತೆರೆದೆ,
ಚಳಿಯನ್ನು ಹತ್ತಿಸಿಕೊಂಡೆ, ಮುಚ್ಚಿದೆ, ಗಂಟೆ ಬಾರಿಸಿದೆ.
ಹೊಸ ಮೇಲಧಿಕಾರಿ ಕೇಳಿದ್ದ: ಖಾಲಿ ಗಾಡಿಗೆ ಗಂಟೆ ಯಾಕೆ?
ಉತ್ತರ ಗೊತ್ತಿರಲಿಲ್ಲ. ಈಗಲೂ ಇಲ್ಲ.
ವೇಳಾಪಟ್ಟಿಯಲ್ಲಿತ್ತು, ಓಡಿಸಿದೆ.

ಕೈ ಹಿಂತೆಗೆದೆ. ಸ್ಟೂಲು ಎಳೆದು ಕೂತೆ.

ಮೂರೂ ಹತ್ತಕ್ಕೆ ಸೊನ್ನೆ ಒಂದಾಯಿತು.
ಯಾವ ಊರೋ, ಅಲ್ಲಿ ಬೆಳಗೋ ಸಂಜೆಯೋ,
ಒಂದು ಚಿಕ್ಕ ದೋಣಿ ಬಂದರಿನಿಂದ ಹೊರಟು
ಎರಡು ಸುತ್ತು ಹಾಕಿತು. ಕೊಳ್ಳೆಯಿಲ್ಲ, ಕಾಳಗವಿಲ್ಲ,
ಲಂಗರು ಬಿಟ್ಟು ಸುಮ್ಮನೆ ನಿಂತಿತು.
ನಾನೂ ಸುಮ್ಮನೆ ಕೂತೆ.
ನಾನಿರುವುದು ಅದಕ್ಕೆ ಗೊತ್ತಿಲ್ಲ. ಒಳ್ಳೆಯದೇ.
ಚಾಲಕಿಯ ಮುಖವನ್ನು ಯಾವ ಪ್ರಯಾಣಿಕ ನೋಡುತ್ತಾನೆ?

ಒಂಬತ್ತನೇ ದಿನ ಮರಳಿದ, ಚಪ್ಪಲಿ ತುಂಬ ಮರಳು,
ಕೈಯಲ್ಲಿ ನನಗೆಂದು ಹೊಗೆಯಲ್ಲಿ ಬೇಯಿಸಿದ ಮೀನು.
ಪೆಟ್ಟಿಗೆಯನ್ನೂ ಇಳಿಸದೆ ಮಂಡಿಯೂರಿ ಲೆಕ್ಕ ಓದಿದ:
"ಒಂದು ಕ್ಷಣವೂ ನಿಂತಿಲ್ಲ!"

ಕಳ್ಳಿ ಮಾತ್ರ ಬುಡದಲ್ಲಿ ಕೊಳೆತಿತ್ತು.
ದಿನಾ ಎರಡು ಹೊತ್ತು ನೀರು ಹಾಕಿದ್ದೆ,
ಪಾಪ, ಅದಕ್ಕೆ ಒಂದೇ ಸಾಲು ಬರೆದಿದ್ದಾನಲ್ಲ ಎಂದು.